ಬಟ್ಟಿಕಲೋವದ ಕುಣಿತಕ್ಕೆ ಧಾರವಾಡದ ಪಿಟೀಲು

ಹ್ಯಾರಿಸನ್

ಅಮೆರಿಕ ತಲುಪಿದ ಮರುದಿನ ಬೆಳಿಗ್ಗೆ ನಾನು ನ್ಯೂಜೆರ್ಸಿಯ ಹ್ಯಾರಿಸನ್ನಿನಲ್ಲಿರುವ ತಂಗಿಯ ಮನೆಯ ನೆಲದ ಮೇಲೆ ಬೋರಲು ಮಲಗಿ, ಫೋನಿನ ಟಾರ್ಚ್ ಹಿಡಿದು, ನನ್ನ ಪಿಟೀಲಿನ ಹೊಟ್ಟೆಯೊಳಗೆ ಇಣುಕುತ್ತಿದ್ದೆ. ಒಳಗೆ ಕಿರುಬೆರಳಿನಷ್ಟು ಉದ್ದದ ಒಂದು ಮರದ ಕಡ್ಡಿ ಅಡ್ಡ ಬಿದ್ದಿತ್ತು. ಆ ಕಡ್ಡಿ ನೆಟ್ಟಗೆ ನಿಂತಿದ್ದರೆ ಪಿಟೀಲಿಗೆ ದನಿ. ಬಿದ್ದರೆ ಅದು ಬರೀ ಡಬ್ಬಿ. ವಿಮಾನದಲ್ಲಿ ತಂತಿ ಹರಿದೀತೆಂದು ಹೆದರಿ ನಾಲ್ಕನ್ನೂ ಧಾರವಾಡದಲ್ಲೇ ಪೂರಾ ಸಡಿಲಿಸಿ ಬಂದಿದ್ದೆ. ಬಿಗಿ ತಪ್ಪಿದ ಕೂಡಲೇ ಕಡ್ಡಿ ಉರುಳಿದೆ. ಮೂವತ್ತು ವರ್ಷ ಮಕ್ಕಳಿಗೆ ಪಿಟೀಲು ಹೇಳಿಕೊಟ್ಟ ಟೀಚರು ಮಾಡಬಾರದ ತಪ್ಪು. ನನ್ನ ವಿದ್ಯಾರ್ಥಿ ಯಾರಾದರೂ ಮಾಡಿದ್ದರೆ ಅರ್ಧ ಗಂಟೆ ಬೈದಿರುತ್ತಿದ್ದೆ.

ತಂಗಿ ಸುನಂದಾ ಆಫೀಸಿಗೆ ಹೊರಟವಳು ಬಾಗಿಲಲ್ಲಿ ನಿಂತಳು. ಅವಳು ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅದಕ್ಕೆಂದು ದಿನಾ ಪಾರ್ಸಿಪನಿ ಎಂಬ ಊರಿಗೆ ಡ್ರೈವ್ ಮಾಡುತ್ತಾಳೆ.

"ಅಕ್ಕಾ, ಅಲ್ಲಿಂದ ಏಳ. ಮಾನ್ಮತ್ ಜಂಕ್ಷನ್‌ದಾಗ ನಿನ್ನ ಪಿಟೀಲು ಕಛೇರಿಗೆ ಮೂವತ್ತು ಮಂದೀಗೆ ಹೇಳಿ ಬಿಟ್ಟೀನಿ. ಹನ್ನೆರಡು ದಿನಾ ಅದ ಅಷ್ಟ."

"ರಿಪೇರಿ ಅಂಗಡಿಗೆ ಫೋನ್ ಮಾಡಿದ್ದಿ ಅಲ್ಲ, ಏನಂದ್ರು?"

"ಬಿಟ್ಟು ಹೋಗ್ರಿ, ಮೂರು ವಾರ ಆಗ್ತದ ಅಂದ್ರು."

"ಒಂದು ಕಡ್ಡಿ ನಿಲ್ಲಸಾಕ ಮೂರು ವಾರ? ನಾ ಇಲ್ಲೇನು ಮನಿ ಕಟ್ಟಾಕ ಬಂದೇನಿ?"

ಸಂಜೆ ಅವಳೇ ದಾರಿ ಹುಡುಕಿಕೊಂಡು ಬಂದಳು. ಅವಳ ಆಫೀಸಿನ ಒಬ್ಬ ಶ್ರೀಲಂಕಾದವರಿಗೆ ಸ್ಟೇಟನ್ ಐಲ್ಯಾಂಡಿನಲ್ಲಿ ಒಬ್ಬ ಬಡಗಿಯ ಪರಿಚಯವಿತ್ತು. ವಯಸ್ಸಾದವರು, ಹೆಸರು ಸಿರಿಲ್. ಕುರ್ಚಿ, ಮೇಜುಗಳ ಜೊತೆಗೆ ಪಿಟೀಲನ್ನೂ ರಿಪೇರಿ ಮಾಡುತ್ತಾರಂತೆ. "ವಾರದ ದಿನಾ ನನಗ ರಜಾ ಸಿಗಂಗಿಲ್ಲ. ಶನಿವಾರ ಕರಕೊಂಡು ಹೋಗ್ತೀನಿ" ಎಂದಳು. ನಾನು ಶನಿವಾರದವರೆಗೆ ಕಾಯಲಿಲ್ಲ.

ದೋಣಿ

ಹ್ಯಾರಿಸನ್‌ನಿಂದ ರೈಲಿನಲ್ಲಿ ಮ್ಯಾನ್‌ಹಟನ್ನಿನ ತುದಿಗೆ ಹೋಗಿ, ಅಲ್ಲಿಂದ ಕಿತ್ತಳೆ ಬಣ್ಣದ ದೊಡ್ಡ ದೋಣಿ ಹತ್ತಿದರೆ ಆಚೆ ದಡವೇ ಸ್ಟೇಟನ್ ಐಲ್ಯಾಂಡ್. ಹೇಳುವುದಕ್ಕೆ ಇಷ್ಟೇ. ರೈಲಿಳಿದ ಮೇಲೆ ನೆಲದಡಿಯಲ್ಲಿ ನಾನು ಒಂದೇ ಬಾಗಿಲಿಗೆ ಮೂರು ಸಲ ಬಂದು ನಿಂತೆ. ಮೂರನೇ ಸಲಕ್ಕೆ ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಏನೂ ಕೇಳದೆ ನನ್ನ ಹೆಗಲು ಹಿಡಿದು ಸರಿಯಾದ ದಿಕ್ಕಿಗೆ ತಿರುಗಿಸಿದಳು. ನಮ್ಮ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಾದರೆ "ಎಲ್ಲಿಗೆ, ಯಾರ ಮನಿಗೆ, ಯಾಕ?" ಎಂದು ಕೇಳಿದ ಮೇಲೆಯೇ ದಾರಿ ಹೇಳುತ್ತಾರೆ.

ದೋಣಿ ಹತ್ತುವಲ್ಲಿ ಪೊಲೀಸರ ನಾಯಿಯೊಂದು ಸಾಲಿನಲ್ಲಿದ್ದವರ ಚೀಲಗಳನ್ನು ಮೂಸುತ್ತ ಬಂದು ನನ್ನ ಪಿಟೀಲಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಿತು. ಎಳೆದರೂ ಕದಲಲಿಲ್ಲ. ಪೊಲೀಸಿನವನು ಪೆಟ್ಟಿಗೆ ತೆರೆಯಲು ಹೇಳಿದ. ತೆರೆದೆ. ಪಿಟೀಲಿನ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ್ದ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವನು ಚಟ್ನಿಯ ಪೊಟ್ಟಣವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, ಮೂಸಿ, ಸೀನಿದ. ನಾಯಿಯೂ ಸೀನಿತು. ಹಿಂದಿನ ಸಾಲಿನವರೆಲ್ಲ ನಕ್ಕರು. ನನಗೂ ನಗು ಬಂತು.

ಸ್ಟೇಟನ್ ಐಲ್ಯಾಂಡ್

ದಡದಿಂದ ಏರುದಾರಿ. ಬೀದಿಯಲ್ಲಿ ಸಿಂಹಳ ಅಕ್ಷರದ ಬೋರ್ಡುಗಳು, ಒಗ್ಗರಣೆಗೆ ಬಿದ್ದ ಕರಿಬೇವಿನ ವಾಸನೆ. ಸಿರಿಲ್ ಅವರ ಮನೆಯ ಗ್ಯಾರೇಜೇ ಅವರ ಕಾರ್ಖಾನೆ. ಎಪ್ಪತ್ತೆಂಟು ವರ್ಷ, ಎತ್ತರದ ಆಳು, ಕಪ್ಪು ಮೈ, ಬೂದು ಕಣ್ಣು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಎಡಗೈ ಬೆರಳುಗಳು ಅರ್ಧ ಮಡಚಿಕೊಂಡೇ ಉಳಿದಿದ್ದವು. ನಡೆಯಲು ಕೋಲು ಬೇಕು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಇಬ್ಬರದೂ ಮುರುಕು ಇಂಗ್ಲಿಷೇ ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು. ಅದನ್ನೇ ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅವರು ಪಿಟೀಲನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಹಾವಿನಂತೆ ಬಾಗಿದ ಒಂದು ಕಬ್ಬಿಣದ ಕಡ್ಡಿಯನ್ನು ಸೀಳುಗಂಡಿಯಿಂದ ಒಳಗೆ ಬಿಟ್ಟು, ಬಲಗೈ ಒಂದರಲ್ಲೇ, ಬಿದ್ದದ್ದನ್ನು ಚುಚ್ಚಿ ಎತ್ತಿ ನಿಲ್ಲಿಸಿದರು. ಹತ್ತು ನಿಮಿಷದ ಕೆಲಸ. ನನಗರಿವಿಲ್ಲದೆ ಬಾಯಿಂದ ಬಂತು: "ಭಾರೀ ಮೇಸ್ತ್ರಿ!"

ಅವರು ತಲೆಯೆತ್ತಿದರು. "ಏನಂದಿರಿ? ಮೇಸ್ತ್ರಿ? ಅದು ನಮ್ಮ ಮಾತು. ನಿಮಗೆ ಹೇಗೆ ಗೊತ್ತು?"

"ಅದು ನಮ್ಮ ಮಾತು. ಕನ್ನಡದ್ದು."

"ಅಲ್ಲ, ಪೋರ್ಚುಗೀಸ್. ಕೆಲಸ ಬಲ್ಲವನು, ಗುರು." ಅವರು ಬೆಂಚನ್ನು ತಟ್ಟಿ ತೋರಿಸಿದರು. "ಇದು?"

"ಮೇಜು."

"ಮೇಜಾ!" ಜೇಬಿನಿಂದ ಬೀಗದ ಕೈ ತೆಗೆದರು. "ಇದು?"

"ನಮ್ಮ ಕಡೆ ಚಾವಿ."

"ಚಾವಿ!" ಅವರು ಜೋರಾಗಿ ನಕ್ಕರು. ಆಮೇಲೆ ಸಾಬೂನು, ಪಾದ್ರಿ, ಬಟಾಟೆ. ಸ್ವಲ್ಪ ಹೊತ್ತು ನಾವಿಬ್ಬರೂ ಹೊಸದಾಗಿ ಮಾತು ಕಲಿತ ಮಕ್ಕಳ ಹಾಗೆ ಗ್ಯಾರೇಜಿನಲ್ಲಿದ್ದದ್ದನ್ನೆಲ್ಲ ಬೆರಳು ಮಾಡಿ, ಇಲ್ಲದ್ದನ್ನು ನೆನಪಿಸಿಕೊಂಡು ಕೂಗುತ್ತಿದ್ದೆವು.

ಅವರು ಶ್ರೀಲಂಕಾದ ಪೂರ್ವ ಕರಾವಳಿಯ ಬಟ್ಟಿಕಲೋವದವರು. ಪೋರ್ಚುಗೀಸರು ಆ ದ್ವೀಪಕ್ಕೆ ಬಂದು, ಕೋಟೆ ಕಟ್ಟಿ, ಒಂದೂವರೆ ಶತಮಾನ ಕರಾವಳಿಯನ್ನು ಆಳಿ, ಡಚ್ಚರಿಗೆ ಸೋತು ಹೋದರು. ಹಿಂದೆ ಉಳಿದದ್ದು ಅವರ ಸಿಪಾಯಿಗಳಿಗೂ ಊರ ಹೆಂಗಸರಿಗೂ ಹುಟ್ಟಿದ ಜನ. ಡಚ್ಚರ ರಕ್ತವೂ ತಮಿಳರ ರಕ್ತವೂ ಸೇರಿತು. ಅವರನ್ನು ಅಲ್ಲಿ ಬರ್ಗರ್ ಎನ್ನುತ್ತಾರೆ. ಬಡಗಿಗಳು, ಕಮ್ಮಾರರು, ಹೊಲಿಗೆಯವರು. ಮನೆಯೊಳಗೆ ಮುರಿದು ಕಟ್ಟಿದ ಒಂದು ಪೋರ್ಚುಗೀಸು, ಬೀದಿಯಲ್ಲಿ ತಮಿಳು. ಮದುವೆಯಲ್ಲಿ ಕಾಫ್ರಿನ್ಯ ಎಂಬ ಕುಣಿತ: ನಾಲ್ಕು ಜೋಡಿ, ಒಂದು ಪಿಟೀಲು, ಒಂದು ತಮಟೆ.

"ಈಗ ನುಡಿಸಿ ನೋಡಿ" ಎಂದರು ಸಿರಿಲ್.

ನಾನು ತಂತಿ ಬಿಗಿದು, ಮರದ ಹೊಟ್ಟು ಹರಡಿದ್ದ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು ಭೂಪ ರಾಗ ಹಿಡಿದೆ. ಅವರು ಕಣ್ಣು ಪಿಳುಕಿಸದೆ ನೋಡಿದರು.

"ಚೆನ್ನಾಗಿದೆ ಟೀಚರ್. ಆದರೆ ನಿಮ್ಮ ಪಿಟೀಲು ಕೂತು ಪ್ರಾರ್ಥನೆ ಮಾಡುತ್ತೆ. ನಮ್ಮದು ನಿಂತು ಕುಣಿಯುತ್ತೆ."

ಆಮೇಲೆ ಒಂದೊಂದೇ ಮಾತು ಹೊರಬಂತು. ಮೊಮ್ಮಗಳು ನಟಾಶಾಳ ಮದುವೆ ಇನ್ನು ಹನ್ನೊಂದು ದಿನಕ್ಕೆ. ಅವರ ಮನೆಯಲ್ಲಿ ಕಾಫ್ರಿನ್ಯ ಇಲ್ಲದೆ ಒಂದು ಮದುವೆಯೂ ಆಗಿಲ್ಲ. ಎಲ್ಲದಕ್ಕೂ ನುಡಿಸಿದ್ದು ಅವರೇ. ಕೈ ಹೋದ ಮೇಲೆ ಆಸ್ಟ್ರೇಲಿಯಾದಿಂದ ಚಿಕ್ಕಪ್ಪನ ಮಗ ಬರುವುದೆಂದಾಗಿತ್ತು. ಅವನು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ. ಫೋನಿನಲ್ಲಿರುವ ರೆಕಾರ್ಡಿಂಗ್ ಹಾಕಿದರಾಯಿತು ಎನ್ನುತ್ತಾಳೆ ನಟಾಶಾ.

"ಹಾಕಬಹುದಲ್ಲ?" ಎಂದೆ.

"ಫೋನಿಗೆ ಕಣ್ಣಿಲ್ಲ ಟೀಚರ್. ಮುದುಕಿ ನಿಧಾನ ಆದಳೋ, ಹುಡುಗ ಆತುರಪಟ್ಟನೋ, ಅದಕ್ಕೆ ಕಾಣಲ್ಲ. ಪಿಟೀಲಿನವನು ಕಾಲು ನೋಡಿಕೊಂಡು ನುಡಿಸಬೇಕು."

"ನಾನು ಕಲೀತೀನಿ."

ಅವರು ಮೆತ್ತಗೆ ತಲೆಯಾಡಿಸಿದರು. "ನಿಮ್ಮಿಂದ ಆಗಲ್ಲ. ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ಬೇರೆ ದಾರಿಗೆ ಬಿದ್ದಿದೆ."

ಐವತ್ತನಾಲ್ಕು ವರ್ಷದಲ್ಲಿ ನನಗೆ ಆಗುವುದಿಲ್ಲ ಎಂದವರು ಬಹಳ ಮಂದಿ. ಹೆಣ್ಣುಮಗಳಿಗೆ ಪಿಟೀಲು ಯಾಕೆ ಎಂದವರಿಂದ ಹಿಡಿದು, ಗಂಡ ತೀರಿಕೊಂಡ ಮೇಲೆ ಕ್ಲಾಸು ನಡೆಸಲಾರೆ ಎಂದವರವರೆಗೆ. ನಾನು ಎದ್ದು ಸೀರೆಗಂಟಿದ ಹೊಟ್ಟನ್ನು ಝಾಡಿಸಿ, "ನಾಳೆ ಹತ್ತು ಗಂಟೆಗೆ ಬರ್ತೀನಿ" ಎಂದು ಹೇಳಿ ದೋಣಿ ಹಿಡಿದೆ.

ಮತ್ತೆ ಹ್ಯಾರಿಸನ್

"ಯಾವ ದಿನಾ ಅಂದಿ?" ಎಂದು ಸುನಂದಾ ಎರಡನೇ ಸಲ ಕೇಳಿದಳು.

"ಶನಿವಾರ. ಹನ್ನೊಂದು ದಿನಕ್ಕ ಬರೂ ಶನಿವಾರ."

"ಅವತ್ತ ನಿನ್ನ ಕಛೇರಿ ಅದ ಅಕ್ಕಾ!"

ನನಗದು ಹೊಳೆದಿರಲೇ ಇಲ್ಲ. ಹೊಳೆದ ಮೇಲೂ ಮನಸ್ಸು ಬದಲಾಗಲಿಲ್ಲ. ಅದಕ್ಕೆ ಅವಳಿಗೆ ಹೆಚ್ಚು ಸಿಟ್ಟು ಬಂತು.

"ಮರುದಿನಕ್ಕ ಇಟ್ಟರಾತು" ಎಂದೆ.

"ಇದೇನು ಧಾರವಾಡನ? ಇಲ್ಲೆ ಮಂದೀ ವೀಕೆಂಡ್ ತಿಂಗಳ ಮೊದ್ಲ ಬುಕ್ ಆಗಿರತಾವ. ಐದು ವರ್ಷದಿಂದ ಎಲ್ಲಾರ ಮುಂದ ನಮ್ಮಕ್ಕ ಬರ್ತಾಳ, ನಮ್ಮಕ್ಕ ಬಾರಸ್ತಾಳ ಅಂತ ಹೇಳ್ಕೋತ ಬಂದೀನಿ. ಯಾರೋ ಗೊತ್ತಿಲ್ಲದವ್ರ ಲಗ್ನಕ್ಕ ಅದನ್ನ ಬಿಡ್ತಿ ಏನು?"

"ಆ ಲಗ್ನ ಮುಂದ ಹೋಗೂದಿಲ್ಲ ಸುನಂದಾ. ಕಛೇರಿ ಹೋಗ್ತದ."

ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆದರೆ ಎರಡೂ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕಟ್ಟೆಯ ಮೇಲೆ ನನ್ನ ಬುತ್ತಿ ಕಟ್ಟಿಟ್ಟಿರುತ್ತಿತ್ತು.

ಗ್ಯಾರೇಜು

ಮೊದಲ ದಿನವೇ ಸಿರಿಲ್ ಮೇಸ್ತ್ರಿಯ ಮಾತು ನಿಜವೆನಿಸಿತು. ನಮ್ಮ ಪದ್ಧತಿಯಲ್ಲಿ ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡುತ್ತೇವೆ. ಅವರದು ಬೇರೆ ಶ್ರುತಿ. ಹಾಗಾಗಿ ನನ್ನ ಬೆರಳು ರೂಢಿಯಿಂದ ಹೋಗಿ ಕೂತಲ್ಲೆಲ್ಲ ಅಪಸ್ವರ. ನಿಂತು ಗದ್ದದಡಿ ಪಿಟೀಲು ಹಿಡಿದರೆ ಜಾರುತ್ತದೆ. ಜಾರದಂತೆ ಒತ್ತಿ ಹಿಡಿದರೆ ಕುತ್ತಿಗೆ ಉಳುಕುತ್ತದೆ. ಸೀರೆಯ ಸೆರಗಂತೂ ಕಮಾನಿಗೇ ಸಿಕ್ಕಿಕೊಳ್ಳುತ್ತಿತ್ತು. ಮೂರನೇ ದಿನ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತೆ.

ಮೇಸ್ತ್ರಿ ಬಾಯಲ್ಲಿ ಹಾಡುತ್ತಿದ್ದರು, ಬಲಗೈಯಲ್ಲಿ ತಮಟೆ ಬಡಿಯುತ್ತಿದ್ದರು. ಆರು ಮಟ್ಟು. ನಾನು ಸ್ವರಗಳನ್ನೂ, ಜೊತೆಗೆ ಹಾಡುವ ಪದಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ಮಟ್ಟು ಕೇಳಿದ ಕೂಡಲೇ "ಓ, ಆರು ಮಾತ್ರೆ! ಇದು ನಮ್ಮ ದಾದ್ರಾ ತಾಲ" ಎಂದು ಹುಮ್ಮಸ್ಸಿನಿಂದ ನುಡಿಸಿದೆ.

"ನಿಲ್ಲಿಸಿ, ನಿಲ್ಲಿಸಿ" ಎಂದರು. "ಎಣಿಕೆ ಆರೇ. ಆದರೆ ನೀವು ಒತ್ತು ಕೊಟ್ಟ ಕಡೆ ಹೆಣ್ಣಿನ ಕಾಲು ಗಾಳಿಯಲ್ಲಿರಬೇಕು. ನೀವು ಅವಳನ್ನ ನೆಲಕ್ಕೆ ಕೆಡವಿದಿರಿ."

ಮತ್ತೆ ನುಡಿಸಿದೆ. "ಮತ್ತೆ ಕೆಡವಿದಿರಿ." ಮತ್ತೊಮ್ಮೆ. "ಜಾರಬೇಡಿ. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೀಬೇಡಿ. ಎತ್ತಿಡಿ, ಕಾಲು ಎತ್ತಿಟ್ಟ ಹಾಗೆ." ಮೂವತ್ತು ವರ್ಷ ಮಕ್ಕಳಿಗೆ ಮೀಂಡು ಎಳೆಯಿರಿ, ಸ್ವರ ಮುರಿಯಬೇಡಿ ಎಂದು ಹೇಳಿದ್ದೇ ನನ್ನ ಬಾಳು. ಈಗ ಅದನ್ನೇ ಬಿಡಬೇಕಿತ್ತು.

ನಾಲ್ಕನೇ ದಿನ ಕೇಳಿದೆ, "ಈ ಒತ್ತು ಎಲ್ಲಿಯದು ಮೇಸ್ತ್ರಿ? ಇದು ಯುರೋಪಿನದಲ್ಲ."

ಅವರು ತಮಟೆ ಕೆಳಗಿಟ್ಟರು. "ಹೆಸರಲ್ಲೇ ಇದೆಯಲ್ಲ. ಕಾಫ್ರಿ ಅಂದರೆ ಪೋರ್ಚುಗೀಸರು ಆಫ್ರಿಕಾದವರನ್ನ ಕರೀತಿದ್ದ ಬೈಗುಳ. ಹಡಗಿನಲ್ಲಿ ತುಂಬಿಸಿ ತಂದರು. ಕೋಟೆ ಕಟ್ಟೋಕೆ, ಕಾದಾಡೋಕೆ. ಹಾಡು ಯಜಮಾನರದು, ಒತ್ತು ಅವರದು. ನಮ್ಮಲ್ಲಿ ಹಿರಿಯರು ಈ ಮಾತು ಬಾಯಿ ಬಿಟ್ಟು ಹೇಳ್ತಿರಲಿಲ್ಲ. ಪೋರ್ಚುಗಲ್ಲಿನ ಮುತ್ತಜ್ಜ ಎಲ್ಲರಿಗೂ ಬೇಕು. ನನ್ನ ಅಜ್ಜಿಯ ಕೂದಲು ನೋಡಿದ್ದರೆ ನಿಮಗೇ ಗೊತ್ತಾಗ್ತಿತ್ತು."

ನಮ್ಮ ಧಾರವಾಡದಿಂದ ಹಳಿಯಾಳಕ್ಕೆ ಒಂದು ತಾಸಿನ ದಾರಿ. ಅಲ್ಲಿಯ ಸಿದ್ದಿಗಳನ್ನು ತಂದದ್ದೂ ಅಂಥ ಹಡಗುಗಳೇ, ಗೋವೆಗೆ. ಸಂತೆಗೆ ಬಂದ ಸಿದ್ದಿ ಹೆಂಗಸರನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಡಮಾಮಿ ಡೋಲಿನ ಬಡಿತವನ್ನು ವೇದಿಕೆಯ ಮೇಲೆ ಕೇಳಿ ಚಪ್ಪಾಳೆ ಹೊಡೆದಿದ್ದೇನೆ. ಸಂಗೀತದ ಟೀಚರಾಗಿ, ಆ ಬಡಿತದ ಲೆಕ್ಕ ಏನು ಎಂದು ಒಬ್ಬರನ್ನೂ ಒಂದು ದಿನವೂ ಕೇಳಿರಲಿಲ್ಲ. ಕೇಳುವುದಕ್ಕೆ ಏಳು ಸಮುದ್ರ ದಾಟಿ ಬರಬೇಕಾಯಿತೇ ಎಂದು ನಾಚಿಕೆಯಾಯಿತು. ಮೇಸ್ತ್ರಿಗೆ ಸಿದ್ದಿಗಳ ಬಗ್ಗೆ ಹೇಳಿದೆ. ಅವರು "ಅವರ ಕುಣಿತದಲ್ಲಿ ಕಾಲು ಯಾವಾಗ ನೆಲಕ್ಕೆ ಬರುತ್ತೆ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ.

ಮನೆಯಲ್ಲಿ ಅಭ್ಯಾಸ ಮಾಡಿದರೆ ಪಕ್ಕದವರು ಗೋಡೆ ಗುದ್ದುತ್ತಿದ್ದರು. ಹಾಗಾಗಿ ಕಟ್ಟಡದ ಕಾರು ನಿಲ್ಲಿಸುವ ಜಾಗದ ಮೇಲಿನ ಅಂತಸ್ತಿಗೆ ಹೋಗಿ ನಿಂತು ನುಡಿಸುತ್ತಿದ್ದೆ. ಅಕ್ಟೋಬರಿನ ಗಾಳಿಗೆ ಬೆರಳು ಮರಗಟ್ಟುತ್ತಿದ್ದವು. ಪಿಟೀಲು ಒತ್ತಿ ಕೆಳದವಡೆಯ ಅಡಿಯಲ್ಲಿ ನೇರಳೆ ಬಣ್ಣದ ಕಲೆಯೊಂದು ಎದ್ದಿತು. ಮೂರನೇ ಸಂಜೆ ಸುನಂದಾ ಉಣ್ಣೆಯ ಶಾಲು ತಂದು ನನ್ನ ಹೆಗಲಿಗೆ ಹೊದಿಸಿ, ಕಾರಿನ ಬಾನೆಟ್ಟಿಗೆ ಒರಗಿ ನಿಂತಳು.

"ಕಛೇರಿ ಆಯ್ತವಾರಕ್ಕ ಮಾಡೀನಿ" ಎಂದಳು. "ಅರ್ಧ ಮಂದೀ ಬರಂಗಿಲ್ಲ. ಇರಲಿ. ಆ ಮೂರನೇದ್ದು ಮತ್ತೊಮ್ಮೆ ಬಾರಿಸು. ಎಲ್ಲೋ ತಪ್ಪಲಿಕತ್ತದ."

ಎಲ್ಲಿ ಎಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ತಪ್ಪಿದ್ದು ನಿಜ.

ನ್ಯೂಅರ್ಕ್

ಹ್ಯಾರಿಸನ್‌ನಿಂದ ಸೇತುವೆ ದಾಟಿದರೆ ನ್ಯೂಅರ್ಕಿನ ಪೋರ್ಚುಗೀಸರ ಬಡಾವಣೆ. ಬೇಕರಿ, ಮೀನಿನ ಅಂಗಡಿ, ಬಾಗಿಲಲ್ಲಿ ನಿಂತು ಬೀದಿಯ ಈ ಬದಿಯಿಂದ ಆ ಬದಿಗೆ ಕೂಗಿ ಮಾತಾಡುವ ಹೆಂಗಸರು. ಅಮೆರಿಕದಲ್ಲಿ ಮೊದಲ ಬಾರಿ ನಾನು ಜೋರು ದನಿ ಕೇಳಿದ್ದು ಅಲ್ಲಿ. ಮನಸ್ಸಿಗೆ ಹಾಯೆನಿಸಿತು.

ಮೇಸ್ತ್ರಿ ನನಗೊಂದು ಸಂಗತಿ ಹೇಳಿದ್ದರು. ನಲವತ್ತು ವರ್ಷದ ಹಿಂದೆ, ಈ ದೇಶಕ್ಕೆ ಬಂದ ಹೊಸದರಲ್ಲಿ, ಕೆಲಸ ಹುಡುಕಿಕೊಂಡು ಈ ಬಡಾವಣೆಗೆ ಬಂದಿದ್ದರಂತೆ. ನಮ್ಮ ಭಾಷೆಯವರು, ಬಡಗಿಗೆ ಇಲ್ಲ ಅನ್ನುತ್ತಾರೆಯೇ ಎಂಬ ಧೈರ್ಯ. ಮನೆಯ ಮಾತಿನಲ್ಲಿ ಎರಡು ವಾಕ್ಯ ಹೇಳುವಷ್ಟರಲ್ಲಿ ಎದುರಿಗಿದ್ದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೇಸ್ತ್ರಿ ಇತ್ತ ತಲೆ ಹಾಕಲಿಲ್ಲ.

ಈಗಲೂ ನಗುತ್ತಾರೆಯೇ ನೋಡೋಣವೆಂದು ಒಂದು ಬೇಕರಿಯನ್ನು ಹೊಕ್ಕೆ. ಗಿರಾಕಿಗಳಿರಲಿಲ್ಲ. ಕೌಂಟರಿನ ಹಿಂದೆ ನನ್ನದೇ ವಯಸ್ಸಿನ ಹೆಂಗಸು. ನಾನು ನೋಟುಪುಸ್ತಕ ತೆಗೆದು, ಕನ್ನಡದಲ್ಲಿ ಬರೆದುಕೊಂಡಿದ್ದ ಎರಡನೇ ಮಟ್ಟಿನ ಪದವನ್ನು ಅವಳಿಗೆ ಓದಿ ಹೇಳಿದೆ. ಹೊಸ ಷೂ ಕಚ್ಚಿ ಕುಂಟುವ ಮದುಮಗನನ್ನು ಹಾಸ್ಯ ಮಾಡುವ ಪದ ಅದು. ಅವಳು ಹುಬ್ಬು ಗಂಟಿಕ್ಕಿದಳು. "ಮತ್ತೊಮ್ಮೆ." ಓದಿದೆ. "ಸಪಾತು... ಷೂ?" ಎಂದಳು. ಹೌದೆಂದೆ. "ಷೂ ಕಚ್ಚುತ್ತೆ? ಅವನ ಕಾಲು?" ಹೌದು, ಹೌದು. ಅವಳು ಕೌಂಟರಿನ ಆಚೆಯಿಂದ ಈಚೆಗೆ ಬಂದು ನನ್ನ ಪುಸ್ತಕ ನೋಡಿದಳು. ಜಿಲೇಬಿಯಂಥ ಅಕ್ಷರಗಳನ್ನು ಕಂಡು ಪುಸ್ತಕ ತಿರುಗಿಸಿ ನೋಡಿದಳು. "ಇದನ್ನು ಯಾರು ಕಲಿಸಿದರು? ನಾನು ಓದಿದ ಭಾಷೆ ಅಲ್ಲ. ಆದರೆ ನನ್ನ ಅಜ್ಜಿಗೆ ಅರ್ಥ ಆಗ್ತಿತ್ತೇನೋ." ಮೇಸ್ತ್ರಿಯ ಬಗ್ಗೆ ಹೇಳಿದೆ. ಹೊರಡುವಾಗ ಒಂದು ಪೊಟ್ಟಣ ತುಂಬ ಹಾಲುಗಡುಬಿನಂಥ ಸಿಹಿ ಕಟ್ಟಿಕೊಟ್ಟು, "ಆ ಮುದುಕರಿಗೆ ಕೊಡಿ" ಎಂದಳು.

ಮರುದಿನ ಕೊಟ್ಟೆ. ಅವರು ಪೊಟ್ಟಣ ಮುಟ್ಟಲಿಲ್ಲ.

"ಈಗ ಅರ್ಥ ಆಯ್ತಂತಾ? ನಲವತ್ತು ವರ್ಷ ತಡ."

"ಇವಳು ನಗಲಿಲ್ಲ ಮೇಸ್ತ್ರಿ."

"ಟೀಚರ್, ನಾನು ಅವರ ಮಾತನ್ನ ತಪ್ಪಾಗಿ ಆಡ್ತಿಲ್ಲ. ಅವರು ಬಿಟ್ಟುಹೋದದ್ದನ್ನ ನಾವು ನಮ್ಮದು ಮಾಡಿಕೊಂಡಿವಿ. ಅವರು ಬಂದದ್ದು ದಾಲ್ಚಿನ್ನಿಗೆ. ಜನರನ್ನ ಹೊಡೆದರು, ದೇವರನ್ನ ಬದಲಿಸಿದರು, ಹೋದರು. ಹಾಡು ಉಳಿದಿದ್ದು ನಮ್ಮಿಂದ. ಅದಕ್ಕೆ ಅವರ ಸರ್ಟಿಫಿಕೇಟ್ ಬೇಕಾಗಿಲ್ಲ."

ಅಷ್ಟು ಹೇಳಿ, ಒಂದು ಸಿಹಿ ತೆಗೆದು ಬಾಯಿಗೆ ಹಾಕಿಕೊಂಡು, "ಸಕ್ಕರೆ ಜಾಸ್ತಿ" ಎಂದರು. ಇನ್ನೊಂದು ತೆಗೆದುಕೊಂಡರು.

ಮದುವೆ

ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ಸಭಾಂಗಣ. ಸುನಂದಾ ಇಳಕಲ್ ಸೀರೆ ಉಟ್ಟು ನನ್ನನ್ನು ಕಾರಿನಲ್ಲಿ ಕರೆತಂದಿದ್ದಳು. ಬಿಳಿ ಗೌನಿನ ನಟಾಶಾ ಬಂದು ನನ್ನ ಕೈ ಹಿಡಿದಳು. ನ್ಯೂಜೆರ್ಸಿಯಲ್ಲೇ ಹುಟ್ಟಿದವಳು, ನರ್ಸು.

"ಆಂಟಿ, ಥ್ಯಾಂಕ್ ಯೂ ಸೋ ಮಚ್. ಬಟ್ ಹಾನೆಸ್ಟ್ಲಿ, ನೋ ಪ್ರೆಷರ್, ಓಕೆ? ಏನಾದ್ರೂ ಆದ್ರೆ ಡೀಜೆ ಹತ್ರ ರೆಕಾರ್ಡಿಂಗ್ ಇದೆ." ಕೊನೆಯ ವಾಕ್ಯವನ್ನೂ ಅವಳು ಇಂಗ್ಲಿಷಿನಲ್ಲೇ ಹೇಳಿದ್ದು. ನನಗೆ ಕನ್ನಡದಲ್ಲಿ ಚುಚ್ಚಿದ ಹಾಗಾಯಿತು.

ನಾಲ್ಕು ಜೋಡಿ ಎದುರುಬದುರು ನಿಂತರು. ಮದುಮಕ್ಕಳದು ಒಂದು ಜೋಡಿ. ಇನ್ನೊಂದರಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಮೇಸ್ತ್ರಿಯ ತಂಗಿ ಡೊರೊತಿ. ಮೇಸ್ತ್ರಿ ನನ್ನ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ತಮಟೆ.

ಮೊದಲ ಮಟ್ಟು ಸರಿಯಾಗಿಯೇ ಹೋಯಿತು. ಎರಡನೆಯದಕ್ಕೆ ಮೇಸ್ತ್ರಿ ಷೂ ಕಚ್ಚುವ ಪದ ಹಾಡಿದರು. ಹಿರಿಯರು ನಕ್ಕರು. ಮೂರನೆಯದರ ನಡುವೆ ನಾನು ಹೆದರಿ ಬೆರಳುಗಳ ಕಡೆ ನೋಡಿದೆ. ಅಷ್ಟೇ ಸಾಕಾಯಿತು. ಒತ್ತು ಹಳೆಯ ಜಾಗಕ್ಕೆ, ದಾದ್ರಾಕ್ಕೆ, ಹೋಗಿ ಬಿತ್ತು. ಮದುಮಗ ಎಡಕ್ಕೆ ಬಂದ, ನಟಾಶಾ ಬಲಕ್ಕೆ ಹೋದಳು, ಇಬ್ಬರೂ ಡಿಕ್ಕಿ ಹೊಡೆದರು. ತಮಟೆ ನಿಂತಿತು. ಯಾರೋ ಕಿಸಕ್ಕೆಂದರು. ಡೀಜೆ ತನ್ನ ಯಂತ್ರದ ಕಡೆ ಕೈ ಚಾಚಿದ.

"ತಡೀರಿ!" ಎಂದು ಕೂಗಿದೆ. ಕನ್ನಡದಲ್ಲಿ, ತರಗತಿಯಲ್ಲಿ ಗದರುವ ದನಿಯಲ್ಲಿ. ಇಡೀ ಸಭಾಂಗಣಕ್ಕೆ ಅರ್ಥವಾಯಿತು. ಡೀಜೆಯ ಕೈ ಅಲ್ಲೇ ನಿಂತಿತು.

ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ. ಮೇಸ್ತ್ರಿ ನನ್ನ ಕಡೆ ನೋಡದೆಯೇ ಹೇಳಿದರು: "ಡೊರೊತಿಯ ಕಾಲು ನೋಡಿ. ಬೇರೆ ಏನೂ ಬೇಡ."

ಆಕೆ ನೋವಿನ ಮಂಡಿಯ ಹೆಂಗಸು. ಕಾಲೆತ್ತುವ ಮುನ್ನ ಒಂದು ಕ್ಷಣ ತಡೆಯುತ್ತಾಳೆ, ಎತ್ತಿದ ಮೇಲೆ ಗಾಳಿಯಲ್ಲಿ ಇನ್ನೊಂದು ಕ್ಷಣ. ಆ ತಡೆ ಮುಗಿದು ಕಾಲು ಇಳಿಯುವಲ್ಲೇ ಒತ್ತು. ಹತ್ತು ದಿನ ಎಣಿಸಿದ್ದು ಆಗ ಕಣ್ಣಿಗೆ ಕಂಡಿತು. ನಾನು ಆಕೆಯ ಕಪ್ಪು ಬೂಟುಗಳನ್ನೇ ನೋಡುತ್ತ ನುಡಿಸಿದೆ. ಆಕೆ ತಡೆದರೆ ತಡೆದೆ, ಬಿಟ್ಟರೆ ಬಿಟ್ಟೆ. ಮೂರನೆಯದು ಮುಗಿದು ನಾಲ್ಕನೆಯದು ಬಂತು, ಐದು ಬಂತು. ಆರನೆಯದರಲ್ಲಿ ಸಭಾಂಗಣವೆಲ್ಲ ಎದ್ದಿತ್ತು. ಇಳಕಲ್ ಸೀರೆಯ ನನ್ನ ತಂಗಿಯನ್ನು ಯಾರೋ ಕೈಹಿಡಿದು ಸಾಲಿಗೆ ಎಳೆದುಕೊಂಡಿದ್ದರು. ಅವಳು ತಪ್ಪು ಹೆಜ್ಜೆ ಹಾಕುತ್ತ ನಗುತ್ತಿದ್ದಳು. ನಟಾಶಾಳ ಗೌನಿನ ಅಂಚು ತುಳಿದು ಹರಿದಿತ್ತು. ಅವಳದನ್ನು ಮುದ್ದೆ ಮಾಡಿ ಕೈಯಲ್ಲಿ ಹಿಡಿದು ಕುಣಿಯುತ್ತಿದ್ದಳು.

ಮರುದಿನ ಮಾನ್ಮತ್ ಜಂಕ್ಷನ್‌ನ ಕಛೇರಿಗೆ ಹನ್ನೊಂದು ಮಂದಿ ಬಂದರು. ಚೆನ್ನಾಗಿಯೇ ಆಯಿತು.

ಮಂಗಳವಾರ

ಸೋಮವಾರ ಬೆಳಿಗ್ಗೆ ಫೋನು ಬಂತು. ಮೇಸ್ತ್ರಿ ಧನ್ಯವಾದ ಹೇಳಲು ಮಾಡಿದ್ದಾರೆಂದುಕೊಂಡೆ.

"ಟೀಚರ್, ಐದನೇದರ ಎರಡನೇ ಭಾಗ. ಎಳೆದಿರಿ. ನಾಲ್ಕನೇದು ಕೊನೆಯಲ್ಲಿ ಅವಸರ. ನಾಳೆ ಬನ್ನಿ."

"ಮದುವೆ ಮುಗೀತಲ್ಲ ಮೇಸ್ತ್ರಿ?"

"ಮದುವೆ ಮುಗೀತು. ಮಟ್ಟು ಮುಗಿದಿಲ್ಲ. ನೀವು ಊರಲ್ಲಿ ಮಕ್ಕಳಿಗೆ ಹೇಳಿಕೊಡ್ತೀರಿ. ನಿಮ್ಮ ತಪ್ಪು ನೂರು ಮಕ್ಕಳ ಕೈಗೆ ಹೋಗುತ್ತೆ."

ಹೇಳಿಕೊಡುತ್ತೇನೆಂದು ನಾನು ಅವರಿಗೆ ಹೇಳಿರಲಿಲ್ಲ. ನನಗೇ ಹೇಳಿಕೊಂಡಿರಲಿಲ್ಲ. ಆದರೆ ಅವರೆಂದ ಮೇಲೆ ಅದು ಮೊದಲೇ ನಿಶ್ಚಯವಾಗಿದ್ದ ಹಾಗೆ ಅನ್ನಿಸಿತು. ಹೋದೆ.

ಐದನೆಯ ಮಟ್ಟು ಹಿಡಿದೆ. "ಎಳೆದಿರಿ" ಎಂದರು. ಮತ್ತೆ. "ಇನ್ನೂ ಎಳೀತಿದೀರಿ." ಅವರು ಬೆಂಚಿನಲ್ಲಿ ಯಾವುದೋ ಕುರ್ಚಿಯ ಕಾಲಿಗೆ ಮರಳುಕಾಗದ ಉಜ್ಜುತ್ತ, ನನಗೆ ಬೆನ್ನು ಮಾಡಿ ನಿಂತೇ ತಿದ್ದುತ್ತಿದ್ದರು. ಏಳನೇ ಸಲಕ್ಕೆ "ಈಗ ಅರ್ಧ ಸರಿ" ಎಂದರು. ಹತ್ತನೇ ಸಲಕ್ಕೆ ಕೆಟ್ಟಿತು. ನನ್ನ ಭುಜ ಉರಿಯುತ್ತಿತ್ತು. ಕಮಾನು ಕೆಳಗಿಟ್ಟು, ಕೈ ಒರೆಸಿಕೊಂಡು, ಮತ್ತೆ ಎತ್ತಿದೆ.

ಹದಿನಾಲ್ಕನೇ ಸಲ ಎರಡನೇ ಭಾಗ ಬಂತು, ಹೋಯಿತು. ಅವರು ತಿದ್ದಲಿಲ್ಲ. ಮರಳುಕಾಗದದ ಸದ್ದೂ ಇರಲಿಲ್ಲ. ಕಣ್ಣೆತ್ತಿ ನೋಡಿದೆ. ಕೋಲು ಗೋಡೆಗೆ ಒರಗಿತ್ತು. ಅವರು ಬಲಗೈಯಲ್ಲಿ ಬೆಂಚನ್ನು ಹಿಡಿದು, ಕಣ್ಣು ಮುಚ್ಚಿ, ಎಡಗಾಲನ್ನು ನೆಲದಿಂದ ನಾಲ್ಕು ಬೆರಳು ಮೇಲೆತ್ತಿದ್ದರು. ಕಾಲು ಗಾಳಿಯಲ್ಲಿ ಒಂದು ಕ್ಷಣ ತಡೆಯಿತು. ನಾನೂ ತಡೆದೆ. ಕಾಲು ಇಳಿಯಿತು, ಇನ್ನೊಂದು ಎದ್ದಿತು.

ಮಟ್ಟು ಮುಗಿಯುವಲ್ಲಿಗೆ ಬಂದಿತ್ತು. ಅವರು ಕುಣಿತ ನಿಲ್ಲಿಸಲಿಲ್ಲ. ನಾನು ಮಟ್ಟಿನ ಮೊದಲಿಗೆ ಹೋಗಿ ಮತ್ತೆ ಹಿಡಿದೆ.